ಕುಂಕುಮ ಇಟ್ಟ ಪುಟ

ದೇವರ ಪುಸ್ತಕವನ್ನು ಮತ್ತೆ ಮತ್ತೆ ಓದಿದರೆ ಪಾರಾಯಣ ಎನ್ನುತ್ತಾರೆ, ಕಾದಂಬರಿಯನ್ನು ಮತ್ತೆ ಮತ್ತೆ ಓದಿದರೆ ಸೋಮಾರಿತನ ಎನ್ನುತ್ತಾರೆ. ನಾನು ಎರಡನ್ನೂ ಮಾಡಿದವಳು. ಬೆಳಿಗ್ಗೆ ಶಿವನ ಮುಂದೆ ದೀಪ ಹಚ್ಚಿ ಸ್ತೋತ್ರ, ಮಧ್ಯಾಹ್ನ ಒಲೆ ಆರಿದ ಮೇಲೆ ಕಾದಂಬರಿ. ಅದೂ ಒಂದೇ ಕಾದಂಬರಿ, ಮದುವೆಯಾಗಿ ಹೊಳೆನರಸೀಪುರಕ್ಕೆ ಬಂದಾಗ ಟ್ರಂಕಿನ ತಳದಲ್ಲಿಟ್ಟು ತಂದದ್ದು. ರಟ್ಟು ಕಿತ್ತುಹೋಗಿ, ಹೆಸರಿನ ಪುಟವೂ ಹೋಗಿ, ಈಗ ಎರಡನೆಯ ಅಧ್ಯಾಯದ ನಡುವಿನಿಂದ ಶುರುವಾಗುತ್ತದೆ. ನನಗೇನೂ ತೊಂದರೆಯಿಲ್ಲ. ಹಿಂದಿನದು ಬಾಯಿಗೆ ಬರುತ್ತದೆ.

ಕತೆ ಇಷ್ಟೇ. ಒಬ್ಬ ಅತ್ತೆ, ಒಬ್ಬ ಸೊಸೆ. ಅತ್ತೆ ಅಳಿಸುತ್ತಾಳೆ, ಸೊಸೆ ಅಳುತ್ತಾಳೆ. ಆ ಸೊಸೆ ನಾನೇ ಎಂದು ಮೊದಲ ಸಲ ಓದಿದಾಗಲೇ ನನಗೆ ಗೊತ್ತಾಗಿತ್ತು. ಅವಳಿಗೆ ಮೊಣಕಾಲುದ್ದ ಜಡೆ. ನನಗೆ ಅಷ್ಟಿರಲಿಲ್ಲ, ಆದರೆ ಓದುವಾಗ ಇರುತ್ತಿತ್ತು. ನಮ್ಮತ್ತೆಯನ್ನು ಹೋಲುವ ಮಾತು ಬಂದ ಕಡೆಯೆಲ್ಲ ಅಂಚಿನಲ್ಲಿ ಒಂದು ಬೊಟ್ಟು ಕುಂಕುಮ ಇಡುತ್ತಿದ್ದೆ. ಪೆನ್ಸಿಲಿನಲ್ಲಿ ಗೀಚಿದರೆ ಸಿಕ್ಕಿಬೀಳಬಹುದು, ಕುಂಕುಮವಾದರೆ ನೋಡಿದವರು ಭಕ್ತಿ ಎಂದುಕೊಳ್ಳುತ್ತಾರೆ. ಎಲ್ಲಕ್ಕಿಂತ ದೊಡ್ಡ ಬೊಟ್ಟು ಇಟ್ಟದ್ದು, ಸೊಸೆಗೆ ತವರಿನಿಂದ ಬಂದ ಕಾಗದವನ್ನು ಅತ್ತೆ ಒಡೆದು ಓದಿ ಅಕ್ಕಿ ಮಡಕೆಯಲ್ಲಿ ಬಚ್ಚಿಡುವ ಪುಟಕ್ಕೆ. ನಮ್ಮತ್ತೆ ಎಂದೂ ಹಾಗೆ ಮಾಡಿದವರಲ್ಲ, ಅವರಿಗೆ ಓದೇ ಬಾರದು. ಬಂದಿದ್ದರೆ ಮಾಡುತ್ತಿದ್ದರು ಎಂದು ಮುಂಗಡವಾಗಿಯೇ ಇಟ್ಟಿದ್ದೆ.

ಈಗ ನನಗೂ ಸೊಸೆ ಬಂದಿದ್ದಾಳೆ. ಕೊಣನೂರಿನ ಹುಡುಗಿ, ಜಯ. ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ಸಂಡಿಗೆ ಇಡುವ ವಾರ. ಬಿಸಿಲು ಚೆನ್ನಾಗಿತ್ತು, ಕುಂಬಳಕಾಯಿ ಎಳಸಾಗಿರಲಿಲ್ಲ, ನನ್ನ ಸೊಂಟ ಹಿಡಿದುಕೊಂಡಿರಲಿಲ್ಲ. ಇಂಥ ಸಣ್ಣಪುಟ್ಟದ್ದಕ್ಕೂ ಶಿವನಿಗೆ ಕೈಮುಗಿಯುವವಳು ನಾನು. ಸೋಮವಾರ ಜಯಳ ಹೆಸರಿಗೆ ತವರಿನಿಂದ ಲಕೋಟೆ ಬಂತು. ಎಲ್ಲರೂ ಕ್ಷೇಮವೇ ಎಂದು ನೋಡುವ ನೆಪದಲ್ಲಿ ಒಡೆದೆ. ಶುಕ್ರವಾರ ನಿನ್ನ ತಂಗಿಯ ಸೀಮಂತ, ತಪ್ಪದೆ ಬಾ ಎಂದಿತ್ತು. ಸಂಡಿಗೆ ಮುಗಿಯುವುದು ಶನಿವಾರ. ಕಾದಂಬರಿಯ ಅತ್ತೆಗೆ ಅಕ್ಕಿ ಮಡಕೆಯಾದರೂ ಹೊಳೆದಿತ್ತು. ನಾನು ಭಕ್ತೆ, ಶಿವನ ಪಟದ ಹಿಂದೆ ಇಟ್ಟೆ.

ಬುಧವಾರ ಮಧ್ಯಾಹ್ನ ಏನಾದರೂ ಓದಿ ಹೇಳು ಎಂದು ನಮ್ಮತ್ತೆ ಜಯಳನ್ನು ಕೇಳಿದರು. ಅವಳು ಗೂಡಿನಲ್ಲಿದ್ದ ಅದೇ ಪುಸ್ತಕ ತೆಗೆದಳು. ನಾನು ಪಕ್ಕದಲ್ಲೇ ಕುಂಬಳಕಾಯಿ ತುರಿಯುತ್ತಿದ್ದೆ. ಕೇಳುತ್ತ ಕೇಳುತ್ತ ನಮ್ಮತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಈ ಸೊಸೆ ನನ್ನಂಗೇ ಕಣವ್ವ, ನಂಗೂ ಇಂಗೇ ಆಗಿತ್ತು" ಎಂದರು. ಜಯಳೂ ಮೂಗೊರೆಸಿಕೊಂಡು ಪುಟ ತಿರುವಿದಳು. ಮನೆಯಲ್ಲಿ ಇದ್ದವರು ಮೂವರು ಹೆಂಗಸರು, ಮೂವರೂ ಆ ಸೊಸೆಯೇ. ಅತ್ತೆಯಾಗಲು ಒಬ್ಬರೂ ಮುಂದೆ ಬರಲಿಲ್ಲ.

ಆ ಪುಟ ಬಂತು. ಜಯ ನಿಲ್ಲಿಸಿದಳು.

"ಯಾಕ್ ನಿಲ್ಲಿಸ್ಬುಟ್ಟೆ, ಓದವ್ವ."

"ಕುಂಕುಮ ಮೆತ್ಕೊಂಡಿದೆ ಅಜ್ಜಿ, ಅಕ್ಷರ ಕಾಣಲ್ಲ."

"ನಿಮ್ಮತ್ತೆಗೆ ಬಾಯಿಪಾಠ ಅದು. ಅವಳನ್ನೇ ಕೇಳು."

ನಾನು ಹೇಳತೊಡಗಿದೆ. ಕಾಗದ ಬಂದದ್ದು, ಅತ್ತೆ ಒಡೆದದ್ದು, ಓದಿದ್ದು, ಎಲ್ಲ ಸರಾಗವಾಗಿ ಬಂತು. "ಬಚ್ಚಿಟ್ಟಳು" ಎಂಬಲ್ಲಿ ನಾಲಗೆ ಹೊರಳಲಿಲ್ಲ. ಇಪ್ಪತ್ತು ವರ್ಷಕ್ಕೂ ಮೀರಿ ಅತ್ತ ಜಾಗ ಅದು, ಈಗ ಅಳುವುದಕ್ಕೂ ಮುಖವಿಲ್ಲ. ಎದ್ದು ಹೋಗಿ, ಒದ್ದೆ ಕೈಯಲ್ಲೇ ಲಕೋಟೆ ತಂದು ಜಯಳ ಮಡಿಲಿಗೆ ಹಾಕಿದೆ.

ಅವಳು ಬಿಚ್ಚಿ ನೋಡಲಿಲ್ಲ. "ಕಾಗದ ಬಂದಿದೆ ಅಂತ ಪೋಸ್ಟಿನೋರು ಮೊನ್ನೇನೇ ಹೇಳಿದ್ರು ಅತ್ತೆ. ನೀವಾಗೇ ಕೊಡ್ತೀರ ಅಂತ ಸುಮ್ನಿದ್ದೆ."

ನಮ್ಮತ್ತೆಗೆ ಎಲ್ಲ ಅರ್ಥವಾಗಿರಬೇಕು. ಗೋಡೆಯ ಕಡೆ ತಿರುಗಿ ಮಲಗುತ್ತ, "ನಂಗೆ ಓದು ಬರದೇ ಇದ್ದದ್ದೇ ಒಳ್ಳೇದಾಯ್ತು" ಎಂದರು.

ಮರುದಿನ ಬೆಳಿಗ್ಗೆ ನಾನೇ ಜಯಳನ್ನು ಕೊಣನೂರಿನ ಬಸ್ಸು ಹತ್ತಿಸಲು ಹೋದೆ. ನನ್ನ ಮುಖ ನೋಡಿ ಅವಳಿಗೇ ಕನಿಕರವಾಯಿತೋ ಏನೋ, ಕಿಟಕಿಯಿಂದ ಬಗ್ಗಿ ಮೆಲ್ಲಗೆ, "ಬೇಜಾರ್ ಮಾಡ್ಕೋಬೇಡಿ ಅತ್ತೆ. ನಮ್ಮಮ್ಮನೂ ನಮ್ಮತ್ತಿಗೆಗೆ ಬಂದ ಕಾಗದ ಒಡೀತಾರೆ" ಎಂದಳು.

ಬಸ್ಸು ಹೊರಟಿತು. ನಾಚಿಕೆಯಿಂದ ತಲೆ ತಗ್ಗಿಸಿ ಮನೆಗೆ ಬರಬೇಕಾಗಿದ್ದವಳು ನಾನು. ಅಂಥ ಗಾಂಭೀರ್ಯದ ಹೆಂಗಸು ನಮ್ಮ ಬೀಗಿತ್ತಿ, ಅವರ ಈ ಗುಣವನ್ನು ಬೀದಿಯಲ್ಲಿ ಮೊದಲು ಯಾರಿಗೆ ಹೇಳಲಿ ಎಂದು ಯೋಚಿಸುತ್ತ, ತಲೆಯೆತ್ತಿಕೊಂಡೇ ಬಂದೆ.