ಚನ್ನವ್ವನೊಬ್ಬಳೇ ಕಾರಣವಲ್ಲ ಎಂದ ಪುಸ್ತಕಕ್ಕೆ

ಮನೋವಿಜ್ಞಾನ ಪಠ್ಯಪುಸ್ತಕದ ಒಂದನೇ ಅಧ್ಯಾಯದವರ ಸನ್ನಿಧಾನಕ್ಕೆ,

ಮಾನ್ಯರೇ,

ಕಲ್ಲೋಳಿಯ ಮಾಲಿಂಗಪ್ಪ ಮಾಡುವ ಸಾಷ್ಟಾಂಗ ನಮಸ್ಕಾರಗಳು. ತಾವು ನನ್ನ ಮಗಳು ದಾಕ್ಷಾಯಿಣಿಯ ಚೀಲದಲ್ಲಿ ಕುಳಿತು ದಿನಾಲೂ ಗೋಕಾಕದ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುತ್ತೀರಿ, ಟಿಕೇಟು ತೆಗೆಯುವುದಿಲ್ಲ. ಆ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ತಮ್ಮ ಮೊದಲ ಪುಟದ ಒಂದು ಸಾಲಿನ ಬಗ್ಗೆ: ಮನುಷ್ಯನ ಯಾವ ನಡವಳಿಕೆಗೂ ಒಂದೇ ಕಾರಣ ಇರುವುದಿಲ್ಲ, ಹಲವು ಇರುತ್ತವೆ.

ತಾವು ಮನೆಗೆ ಕಾಲಿಡುವ ಮೊದಲು ನಾವು ಸುಖವಾಗಿದ್ದೆವು. ಪ್ರತಿಯೊಂದಕ್ಕೂ ಒಂದೇ ಕಾರಣ, ಅದೂ ತಮ್ಮನ ಮನೆಯಲ್ಲೇ ಸಿಗುತ್ತಿತ್ತು. ನನ್ನ ತಮ್ಮ ಹೊಳೆಪ್ಪನಿಗೆ ಇನ್ನೂರು ಕುರಿಗಳಿವೆ. ಸುಗ್ಗಿ ಮುಗಿದ ಮೇಲೆ ಗೊಬ್ಬರಕ್ಕಾಗಿ ಆ ಹಿಂಡನ್ನು ಮೊದಲು ನನ್ನ ಹೊಲದಲ್ಲಿ ತರುಬಿ ರಾತ್ರಿ ಮಲಗಿಸಬೇಕು, ಆಮೇಲೆಯೇ ಬೇರೆಯವರ ಹೊಲ; ಇದು ನಮ್ಮಪ್ಪನ ಕಾಲದಿಂದ ಬಂದ ಪದ್ಧತಿ. ಈ ವರ್ಷ ಹಿಂಡು ನನ್ನ ಬದುವಿನ ಮುಂದೆಯೇ ಹಾದು ಮೂಡಲಗಿ ರಸ್ತೆಯ ಪರರ ಹೊಲಕ್ಕೆ ಹೋಗಿ ಮಲಗಿತು. ಒಂದು ಕುರಿಯೂ ನನ್ನ ಕಡೆ ಹೊರಳಿ ನೋಡಲಿಲ್ಲ. ಕಾರಣ ನನಗೆ ಆ ಕ್ಷಣವೇ ತಿಳಿಯಿತು: ತಮ್ಮನ ಹೆಂಡತಿ ಚನ್ನವ್ವ ಅವನ ಕಿವಿ ಊದಿದ್ದಾಳೆ. ನಾನು ಅವರ ಜೊತೆ ಮಾತು ಬಿಟ್ಟೆ. ಹದಿನೈದು ದಿನ ಎಷ್ಟು ನೆಮ್ಮದಿಯಿಂದ ಸಿಟ್ಟಾಗಿದ್ದೆನೆಂದರೆ, ಊಟವೂ ಎರಡು ರೊಟ್ಟಿ ಹೆಚ್ಚೇ ಸೇರುತ್ತಿತ್ತು.

ಅಷ್ಟರಲ್ಲಿ ಮಗಳ ಚೀಲದಲ್ಲಿ ತಮ್ಮ ಸವಾರಿ ಬಂತು. ತಮ್ಮನ್ನು ಬಾಯಿಪಾಠ ಮಾಡುತ್ತಿದ್ದ ಮಗಳು, "ಅಪ್ಪಾ, ಕಾಕಾನ್ನ ಕೇಳಿ ಬರ್ತೇನಿ, ಕಾಲೇಜಿನ ಪ್ರಾಜೆಕ್ಟ್ ಐತಿ" ಎಂದು ಬರೆಯುವ ವಹಿ ಹಿಡಿದು ಹೋದವಳು, ಬರುವಾಗ ಕಾರಣಗಳನ್ನು ಬುಟ್ಟಿಗಟ್ಟಲೆ ತಂದಳು. ಕಾಲುವೆ ನೀರು ಬಸಿದು ನನ್ನ ಹೊಲ ಹಸಿಯಾಗಿತ್ತಂತೆ, ಹಸಿಯಲ್ಲಿ ನಿಂತರೆ ಕುರಿಗಳ ಗೊರಸು ಕೊಳೆಯುತ್ತದಂತೆ. ಹೊಳೆಪ್ಪನಿಗೆ ಮೊಣಕಾಲು ನೋವಂತೆ. ಸಂತೆಯಲ್ಲಿ ನಾಲ್ಕು ಮಂದಿಯ ಮುಂದೆ ನಾನು, ಹಿಂಡಿನಲ್ಲಿ ಹೊಳೆಪ್ಪ ಯಾವುದೆಂದು ಗುರುತು ಹಿಡಿಯುವುದು ಕಷ್ಟ ಎಂದು ಚೇಷ್ಟೆ ಮಾಡಿದ್ದೆನಂತೆ. ನಾನದನ್ನು ಮರೆತಿದ್ದೆ, ಆತ ಮರೆತಿರಲಿಲ್ಲ. ಚನ್ನವ್ವನಂತೂ, "ಮೊದಲ ಭಾವನವರ ಹೊಲಕ್ಕ ಹೋಗ್ರಿ" ಎಂದು ಗಂಡನಿಗೆ ಎರಡು ಸಲ ಹೇಳಿದ್ದಳಂತೆ. ಇಷ್ಟು ವರ್ಷ ನಂಬಿಗಸ್ತಳಾಗಿ ಎಲ್ಲದಕ್ಕೂ ಕಾರಣಳಾಗಿದ್ದ ಹೆಣ್ಣುಮಗಳನ್ನು ತಾವು ಒಂದೇ ಸಾಲಿನಲ್ಲಿ ಕಸಿದುಕೊಂಡಿರಿ.

ಕೊನೆಯ ಕಾರಣವನ್ನು ಮಗಳು ತಡೆದು ತಡೆದು ಹೇಳಿದಳು. ಪ್ರತಿ ವರ್ಷ ಸುಗ್ಗಿಯಾದ ಮೇಲೆ ನಮ್ಮವ್ವ ಎಲೆ-ಅಡಿಕೆ ಕಟ್ಟಿಕೊಂಡು ಹೊಳೆಪ್ಪನ ಹಟ್ಟಿಗೆ ಹೋಗುತ್ತಿದ್ದಳು. ಮೊಮ್ಮಕ್ಕಳನ್ನು ನೋಡಲು ಎಂದು ನಾನು ತಿಳಿದಿದ್ದೆ. ಆಕೆ ಹೋಗುತ್ತಿದ್ದುದು ನನ್ನ ಹೆಸರಿನಲ್ಲಿ ಕುರಿಗಳನ್ನು ಕರೆಯಲು. ಕಳೆದ ಆಷಾಢದಲ್ಲಿ ಅವ್ವ ತೀರಿಕೊಂಡಳು. ಈ ಸಲ ಕರೆಯಲು ಯಾರೂ ಹೋಗಲಿಲ್ಲ. ಹೊಳೆಪ್ಪ ಎಂಟು ದಿನ ಹಿಂಡನ್ನು ತಡೆದುಕೊಂಡು ನಮ್ಮ ದಾರಿ ನೋಡಿದನಂತೆ. ಆ ದಿನ ನನಗೆ ಊಟ ಸೇರಲಿಲ್ಲ.

ಆದಕಾರಣ ತಮ್ಮಲ್ಲಿ ನಮ್ರ ವಿನಂತಿ: ಮುಂದಿನ ಮುದ್ರಣದಲ್ಲಿ ಕಾರಣಗಳನ್ನು ಒಂದಕ್ಕೆ ಇಳಿಸಬೇಕು, ಮತ್ತು ಅದು ಓದುವವನ ಹೊಸ್ತಿಲಿನ ಆಚೆಯದೇ ಆಗಿರಬೇಕು. ಆಗದಿದ್ದರೆ ಕಲ್ಲೋಳಿಗಾದರೂ ವಿನಾಯಿತಿ ಕೊಡಬೇಕು. ಅದೂ ಆಗದಿದ್ದರೆ ನನ್ನ ಹದಿನೈದು ದಿನದ ಸಿಟ್ಟನ್ನು ಇದ್ದ ಹಾಗೆಯೇ ಮರಳಿಸಬೇಕು.

ನಿನ್ನೆ ನಾನೇ ಎಲೆ-ಅಡಿಕೆ ಹಿಡಿದು ಹಟ್ಟಿಗೆ ಹೋದೆ. "ಯಾಕ ಬಂದಿ ಅಣ್ಣಾ" ಎಂದ ಹೊಳೆಪ್ಪ. ಮಗಳು ಬರೆದುಕೊಟ್ಟ ಕಾರಣಗಳು ಒಂದೂ ಬಾಯಿಗೆ ಬರಲಿಲ್ಲ. "ಅವ್ವ ಕಳಿಸ್ಯಾಳ" ಎಂದೆ. ಆತ ಎರಡೂ ಕೈ ಚಾಚಿ ಎಲೆ ತೆಗೆದುಕೊಂಡ.

ಸದ್ಯಕ್ಕೆ ಒಂದೇ ಅಧ್ಯಾಯದ ಮಟ್ಟಿಗೆ ತಮ್ಮ ವಿಶ್ವಾಸಿ,
ಮಾಲಿಂಗಪ್ಪ, ಕಲ್ಲೋಳಿ

ತಾ.ಕ.: ಹೊಲ ಒಣಗಿದೆ, ಹಿಂಡು ಬಂದಿದೆ. ಇಂದು ಮುಂಜಾನೆ ಒಂದು ಮರಿ ತಮ್ಮ ಎರಡನೇ ಅಧ್ಯಾಯವನ್ನು ಪೂರ್ತಿ ತಿಂದುಹಾಕಿತು. ಇದಕ್ಕಾದರೂ ಕಾರಣ ಒಂದೇ, ಹಸಿವು ಎಂದು ನಾನು ವಾದಿಸಿದೆ. ಮಗಳು ವಹಿ ತೆಗೆದು, ಪುಸ್ತಕವನ್ನು ಬದುವಿನ ಮೇಲೆ ತೆರೆದಿಟ್ಟು ಬಂದವರು ಯಾರು ಎಂದು ನನ್ನನ್ನೇ ಕೇಳುತ್ತಿದ್ದಾಳೆ.