ಮಂಜುನಾಥನ ಬಿಸ್ಕತ್ತಿನ ಡಬ್ಬಿ

ಜಗದೀಶನ ಹೊಟ್ಟೆಯುರಿಗೆ ಆ ಸೋಮವಾರ ತುಪ್ಪ ಸುರಿದದ್ದು ಒಂದು ಬಿಸ್ಕತ್ತಿನ ಡಬ್ಬಿ. ಪಕ್ಕದ ಮನೆ ಮಂಜುನಾಥನ ಆ ಡಬ್ಬಿಯಲ್ಲಿ ಇದ್ದದ್ದು ಬಿಸ್ಕತ್ತಲ್ಲ, ಡಿಸ್ಕುಗಳು.

“ಕಂಪ್ಯೂಟರ್ ಕೆಟ್ರೆ ಮತ್ತೆ ಎಬ್ಸೋಕೆ ರಿಕವರಿ ಡಿಸ್ಕಂತೆ, ಫೋಟೋ, ವೀಡಿಯೊಗೆಲ್ಲ ಬ್ಯಾಕಪ್ ಡಿಸ್ಕಂತೆ. ಮಂಜಣ್ಣ ಎಲ್ಲಾ ಮಾಡಿ ಡಬ್ಬೀಲಿ ಇಟ್ಟವ್ರೆ. ಗಂಡಸು ಅಂದ್ರೆ ಹಂಗಿರ್ಬೇಕು,” ಎಂದಳು ಹೆಂಡತಿ ರೂಪಶ್ರೀ.

ಜಗದೀಶನಿಗೆ ಕುಡಿದ ಟೀ ಕಹಿಯಾಯಿತು. ಇಡೀ ನಂಜನಾಡು ಊರಿಗೇ ಮಂಜುನಾಥ ಬೇಕು. ಅವನ ಕ್ಯಾರೆಟ್ ಉದ್ದ, ಅವನ ಎಲೆಕೋಸು ದಪ್ಪ, ಅವನ ನಾಯಿ ಕೂಡ ಕರೆದರೆ ಬರುತ್ತದೆ. ಈಗ ಡಿಸ್ಕು ಬೇರೆ!

ಅಷ್ಟರಲ್ಲಿ ತಾಯಿ ಮಾಯಮ್ಮ ಹೊಲದ ಕಡೆಯಿಂದ ಬಂದಳು. “ಬಟಾಣಿಗೆ ಕೋತಿ ಬೀಳ್ತಾ ಐತೆ ಕಣಪ್ಪ. ಕೆಳಗಿನ ಹೊಲದೋರು ಕೋತಿ ಹೆದರ್ಲಿ ಅಂತ ಮಿಂಚೋ ಡಿಸ್ಕು ಕಟ್ಟವ್ರೆ. ನೀನೂ ಎಲ್ಲಾದ್ರೂ ತಂದು ಕಟ್ಟು.”

ಜಗದೀಶನ ತಲೆಯಲ್ಲಿ ಕೆಟ್ಟ ಯೋಚನೆಯೊಂದು ಮೊಳೆಯಿತು. ಒಂದು ಕಟ್ಟು ಸೊಪ್ಪು ಹಿಡಿದು ಪಕ್ಕದ ಮನೆಗೆ ನಡೆದ. ಟೀ ಫ್ಯಾಕ್ಟರಿ ಗುಮಾಸ್ತ ಮಂಜುನಾಥ ಕೆಲಸಕ್ಕೆ ಹೋಗಿದ್ದ. ಅವನ ಹೆಂಡತಿ ಸುನೀತಾ, “ಕೂತ್ಕೊಳ್ಳಿ ಜಗಣ್ಣ, ಟೀ ತತ್ತೀನಿ,” ಎಂದು ಒಳಗೆ ಹೋದಳು. ಟೀ ಬರುವಷ್ಟರಲ್ಲಿ ಟಿವಿಯ ಮೇಲಿನ ಡಬ್ಬಿ ಬರಿದಾಗಿ, ಜಗದೀಶನ ಸ್ವೆಟರಿನೊಳಗೆ ಹೊಟ್ಟೆ ಬಂದಿತ್ತು.

“ಜಗಣ್ಣ, ಈಚೆಗೆ ದಪ್ಪ ಆಗಿದೀರಾ,” ಎಂದಳು ಸುನೀತಾ. ಅವನು ಟೀಯನ್ನು ಒಂದೇ ಗುಟುಕಿಗೆ ನುಂಗಿ, ನಾಲಿಗೆ ಸುಟ್ಟುಕೊಂಡು ಓಡಿದ.

ಮೇಲೆ ಬರೆದಿದ್ದ ಮಂಜುನಾಥನ ದುಂಡನೆಯ ಅಕ್ಷರದ ಗುರುತು ಸಿಗಬಾರದೆಂದು ಡಿಸ್ಕುಗಳನ್ನೆಲ್ಲ ಓದದೆಯೇ ಉಪ್ಪುಕಾಗದದಿಂದ ಉಜ್ಜಿದ. ಗಾಳಿಗೆ ಸದ್ದಾಗಲೆಂದು ಕಾದ ಮೊಳೆಯಿಂದ ತೂತು ಹಾಕಿ, ಜೋಡಿಜೋಡಿಯಾಗಿ ಬಟಾಣಿ ಹೊಲದಲ್ಲಿ ತೂಗುಹಾಕಿದ. ಎಷ್ಟೋ ದಿನಗಳ ಮೇಲೆ ಅವನ ಹೊಟ್ಟೆ ತಣ್ಣಗಾಯಿತು.

ಇನ್ನು ಊರಲ್ಲಿ ಡಿಸ್ಕು ಇರುವ ಗಂಡಸು ತಾನೊಬ್ಬನೇ ಆಗಬೇಕು! ಮನೆಗೆ ಬಂದವನೇ ಕಂಪ್ಯೂಟರ್ ಮುಂದೆ ಕೂತ. ತೆಪ್ಪಕಾಡು ಆನೆ ಕ್ಯಾಂಪಿನಲ್ಲಿ ಮಾವುತನಾಗಿ ನಿವೃತ್ತನಾದ, ಊರವರೆಲ್ಲ ಮಾವ ಎನ್ನುವ ರಾಚಯ್ಯ, ಕರೆಯದಿದ್ದರೂ ಬಂದು ಬೆನ್ನ ಹಿಂದೆ ನಿಂತ.

“ಪೊರು, ಪೊರು! ತಾಳಪ್ಪ! ಹೊಸ ಆನೆ ಹತ್ರ ಅವಸರ ಮಾಡಬಾರ್ದು. ಏನ್ ಕೇಳ್ತೈತೆ ಅದು?”

“ಡಿಸ್ಕು ಮಾಡ್ಲಾ, ಇಲ್ಲಾ ಕಂಪ್ಯೂಟರನ್ನೇ ಕೊಂಡ ದಿನ ಇದ್ದಂಗೆ ಮಾಡ್ಲಾ ಅಂತೈತೆ, ಮಾವ.”

“ಮಂಜುನಾಥ ಯಾವುದು ಮಾಡವ್ನೆ?”

“ಬರೀ ಡಿಸ್ಕು.”

“ಹಂಗಾದ್ರೆ ನೀನು ಎರಡನೇದು ಒತ್ತು. ಅವನದು ಹಳೇದಾಗೇ ಇರ್ಲಿ, ನಿಂದು ಹೊಸದಾಗ್ಲಿ!”

ಆ ಮಾತು ಜಗದೀಶನಿಗೆ ಬೆಲ್ಲದಂತೆ ರುಚಿಸಿತು. ಎಲ್ಲವೂ ಅಳಿಸಿಹೋಗುತ್ತದೆ ಎಂದು ಕಂಪ್ಯೂಟರ್ ಎರಡು ಸಲ ಎಚ್ಚರಿಸಿತು. ಓದುವ ತಾಳ್ಮೆ ಯಾರಿಗಿತ್ತು? ಎರಡು ಸಲವೂ ‘ಹೌದು’ ಒತ್ತಿದ.

ಮಧ್ಯಾಹ್ನದ ಹೊತ್ತಿಗೆ ಕಂಪ್ಯೂಟರ್ ಹೊಸದಾಗಿತ್ತು. ಎಷ್ಟು ಹೊಸದೆಂದರೆ ಅದರಲ್ಲಿ ಏನೂ ಇರಲಿಲ್ಲ. ರಾಚಯ್ಯ ಚಪ್ಪಲಿ ಮೆಟ್ಟಿಕೊಂಡು ಮಾಯವಾದ.

ಆಗ ಮಾಯಮ್ಮ ಪೂಜೆ ಮುಗಿಸಿ, ವಿಭೂತಿ ಇಟ್ಟುಕೊಂಡು ಬಂದು ಕುರ್ಚಿಯಲ್ಲಿ ಕೂತಳು. “ನಿಮ್ಮಪ್ಪಂದು ಹಾಕಪ್ಪ.”

ಜಗದೀಶ ಖಾಲಿ ಪರದೆಗೆ ಅಡ್ಡ ನಿಂತ. ತೀರಿಕೊಳ್ಳುವ ಮೊದಲು ಅಪ್ಪ ಮೊಮ್ಮಗಳನ್ನು ತೊಡೆಯ ಮೇಲಿಟ್ಟುಕೊಂಡು ಜೋಗುಳ ಹಾಡಿದ ವೀಡಿಯೊ ಅದು. ಪ್ರತಿ ಸೋಮವಾರ ಅದನ್ನು ನೋಡದೆ ಅವ್ವ ಅನ್ನ ಮುಟ್ಟುತ್ತಿರಲಿಲ್ಲ. ಅಪ್ಪನ ದನಿ ಉಳಿದಿದ್ದದ್ದು ಅದೊಂದರಲ್ಲೇ.

“ಅವ್ವಾ... ಎಲ್ಲಾ ಅಳಿಸಿಹೋಯ್ತು,” ಎಂದವನಿಗೆ ಅಳುವೇ ಬಂತು.

ರೂಪಶ್ರೀ ನಕ್ಕುಬಿಟ್ಟಳು. “ಹೆದರ್ಬೇಡಿ ಅತ್ತೆ. ಇವರು ಕ್ಯಾರೆಟ್ ಲೋಡ್ ತಗೊಂಡು ಮೇಟ್ಟುಪಾಳ್ಯಕ್ಕೆ ಹೋದಾಗ ಮಂಜಣ್ಣನ ಕೈಲಿ ನಮ್ಮ ಕಂಪ್ಯೂಟರಿಂದೂ ಡಿಸ್ಕು ಮಾಡಿಸಿದ್ದೆ. ಇವರಿಗೆ ಹೇಳಿದ್ರೆ ಹೊಟ್ಟೆ ಉರ್ಕೊಳ್ತಾರೆ ಅಂತ ಸುಮ್ನಿದ್ದೆ.”

ಜಗದೀಶನಿಗೆ ಹೋದ ಜೀವ ಬಂತು. ಮೊದಲ ಸಲ ಮಂಜುನಾಥನ ಮೇಲೆ ಪ್ರೀತಿ ಉಕ್ಕಿತು. “ಎಲ್ಲಿವೆ? ಎಲ್ಲಿ ಇಟ್ಟಿದೀಯೆ?”

“ಒಂದು ಮನೆಗೆ ಏನಾದ್ರೂ ಆದ್ರೆ ಇನ್ನೊಂದು ಮನೇಲಿ ಉಳೀಲಿ ಅಂದ್ರು ಮಂಜಣ್ಣ. ಅದಕ್ಕೆ ಅವರವು ನಮ್ಮ ರಾಗಿ ಡಬ್ಬೀಲಿ ಭದ್ರವಾಗಿವೆ. ನಮ್ಮವು ಅವರ ಬಿಸ್ಕತ್ತಿನ ಡಬ್ಬೀಲಿ.”

ಜಗದೀಶ ಕಿಟಕಿಯತ್ತ ತಿರುಗಿದ. ಬಟಾಣಿ ಹೊಲದ ನಡುವೆ ಒಂದು ಕೋತಿ ಡಿಸ್ಕನ್ನು ಕಿತ್ತು ತೊಡೆಯ ಮೇಲಿಟ್ಟುಕೊಂಡು, ಬಟಾಣಿ ಸುಲಿಯುತ್ತ, ಆ ಡಿಸ್ಕನ್ನೇ ನೋಡುತ್ತಿತ್ತು.

“ನೋಡಪ್ಪ, ಆ ಮುಂಡೇದು ಎಷ್ಟು ಆಸೆಯಿಂದ ನೋಡ್ತೈತೆ!” ಎಂದಳು ಮಾಯಮ್ಮ.

ಜಗದೀಶನಿಗೆ ಆ ಕೋತಿಯ ಮೇಲೂ ಹೊಟ್ಟೆಕಿಚ್ಚಾಯಿತು.