ಫಾರಿನ್ ಅವರೆಯ ಕಬ್ಬಿಣದ ಹಂದರ

ಕೂಕಟ್‌ಪಲ್ಲಿಯ ಮನೆಮನೆಯೂ ಸಾಫ್ಟ್‌ವೇರ್ ಬೆಳೆಯುತ್ತಿದ್ದ ಕಾಲದಲ್ಲಿ ಸುಭದ್ರಾಬಾಯಿಯವರ ಪತಿದೇವರು ವಿಠಲರಾಯರು ಹಿತ್ತಲಲ್ಲಿ ಅವರೆ ಬೆಳೆಯಲು ಹೊರಟರು. ಬೀಜ ಕೊಟ್ಟವನು ಆಕೆಯ ತಮ್ಮ ಸುಮಂತ, ಕಂಪನಿ ಕೆಲಸಕ್ಕೆ ಲಂಡನ್ನಿಗೆ ಹೋಗಿ ಬಂದವನು. ಪೊಟ್ಟಣದ ಮೇಲೆ ‘ಫಾವಾ ಬೀನ್ಸ್’ ಎಂದಿತ್ತು.

“ಫಾವಾ ಅಂದ್ರ ಫಾರಿನ್ ಅವರಿ,” ಎಂದು ವಿಠಲರಾಯರು ಪದ ಬಿಡಿಸಿ ಹೇಳಿದರು. “ಅವರಿ ಅಂದಮ್ಯಾಲೆ ಹಂದರ ಬೇಕಾ ಬೇಕು.”

ರಕ್ಷಣಾ ಕಾರ್ಖಾನೆಯ ಎಂಜಿನಿಯರು ಹಾಕುವ ಹಂದರ ಬಿದಿರಿನದಾಗಲು ಸಾಧ್ಯವೇ? ನಾಚಾರಂನ ಅಂಗಡಿಯಿಂದ ಕಬ್ಬಿಣದ ಪೈಪು ಬಂದವು, ವೆಲ್ಡಿಂಗ್ ಆಯಿತು. ಆನೆ ಹತ್ತಿದರೂ ಅಲುಗದ ಆ ಹಂದರವನ್ನು ಕಂಡು ಸುಭದ್ರಾಬಾಯಿಯವರ ಎದೆ ಉಬ್ಬಿತು. (ಕತ್ತಲಲ್ಲಿ ಅದಕ್ಕೆ ಹಾಯ್ದು ಹಣೆಯೂ ಉಬ್ಬಿತು.) ಕನ್ನಡ ಸಂಘದಲ್ಲಿ ಗಂಡನ ಗುಣಗಾನ ಮಾಡಿ, ಮಾತಿನ ಮಲ್ಲಿ ಯಂಕಮ್ಮನವರನ್ನು ಹಂದರ ನೋಡಲು ಕರೆದೂ ಬಿಟ್ಟರು.

ಗಿಡವೇನೋ ಬಂತು. ದಪ್ಪ ದಂಟು, ಬಿಳಿ ಹೂವಿಗೆ ಕಾಡಿಗೆಯ ಬೊಟ್ಟು, ಕೊಬ್ಬಿದ ಕಾಯಿ, ಎಲ್ಲ ಚಂದ. ಆದರೆ ಸೊಂಟದೆತ್ತರಕ್ಕೆ ಬಂದು ಅಟೆನ್ಷನ್ನಿನಲ್ಲಿ ನಿಂತುಬಿಟ್ಟಿತು. ಅದು ಬಳ್ಳಿಯೇ ಅಲ್ಲ! ರಾಯರು ದಾರ ಕಟ್ಟಿ ಎಳೆದರು, ಪುಸಲಾಯಿಸಿದರು, ಗದರಿದರು. ಹಂದರ ಬೋಳಾಗಿಯೇ ಉಳಿಯಿತು. ರಾಯರು ಎಷ್ಟು ಕುಗ್ಗಿದರೆಂದರೆ ಊಟದಲ್ಲಿ ಎರಡನೇ ಸಲ ಅನ್ನ ಕೇಳುವುದನ್ನೇ ಬಿಟ್ಟರು.

ಅಂಥ ಹೊತ್ತಿಗೇ ಯಂಕಮ್ಮನವರು ಬಂದರು. ಮೇಲೆ ನೋಡಿದರು, ಕೆಳಗೆ ನೋಡಿದರು.

“ಅಲ್ರಿ ವೈನಿ, ಹಂದರ ಮ್ಯಾಲೈತಿ, ಗಿಡ ಕೆಳಗೈತಿ. ನಡುವ ಲಿಫ್ಟ್ ಕೂಡಸವ್ರೇನು?”

ರಾಯರ ಮುಖ ಹುಳಿಮಜ್ಜಿಗೆಯಾಯಿತು. ಗಂಡನ ಮಾನ ಉಳಿಸಲು ಸುಭದ್ರಾಬಾಯಿ ತಟ್ಟನೆ ಒಂದು ಸುಳ್ಳು ಹೊಸೆದರು.

“ಇದು ಹಬ್ಬಸಾಕ ಅಲ್ರಿ, ನೆರಳಿಗೆ! ಲಂಡನ್ ಗಿಡ, ನಮ್ಮ ಬಿಸಿಲು ತಡಿಯಂಗಿಲ್ಲ. ಬಿಸಿಲು ಏರಿದ್ರ ಮ್ಯಾಲೆ ಅರಿವಿ ಹೊದಸೋದು. ನಮ್ಮವರು ಎಲ್ಲಾ ವಿಚಾರ ಮಾಡ್ಯಾರ.”

“ಅವರಿನೂ ಅವರದ, ಐಡಿಯಾನೂ ಅವರದ! ಭಾಳ ಶ್ಯಾಣ್ಯಾರ ಬಿಡ್ರಿ,” ಎಂದು ಯಂಕಮ್ಮನವರು ಬೆರಗಾದರು.

ರಾಯರ ಮೀಸೆ ಮೇಲೆದ್ದಿತು. ಹೆಂಡತಿಯ ಸುಳ್ಳನ್ನು ಯಂಕಮ್ಮನವರಿಗಿಂತ ಮೊದಲು ಅವರೇ ನಂಬಿಬಿಟ್ಟಿದ್ದರು. “ಈಗ ತೋರಸ್ತೀನಿ ತಡೀರಿ!” ಎಂದು ಒಳಗೋಡಿದರು.

ಸುಭದ್ರಾಬಾಯಿ ಅತಿಥಿಗೆ ಕಾಯಿ ಸುಲಿದು ತೋರಿಸುತ್ತಿದ್ದಂತೆ ಗಿಡಗಳ ಮೇಲೆ ತಣ್ಣಗೆ ನೆರಳು ಬಿತ್ತು. ತಲೆ ಎತ್ತಿದರೆ, ಹಂದರದ ತುಂಬ ಆಕೆಯ ಮದುವೆಯ ರೇಷ್ಮೆ ಸೀರೆ! ಮೂಲೆಮೂಲೆಗೂ ತಂತಿ ಬಿಗಿದಿದ್ದ ರಾಯರು ಏಣಿಯ ಮೇಲಿಂದ ಬೀಗುತ್ತಿದ್ದರು.

“ಹೆಂಗೈತಿ?”

ಯಂಕಮ್ಮನವರು ಸುಭದ್ರಾಬಾಯಿಯ ಮುಖವನ್ನೇ ನೋಡುತ್ತಿದ್ದರಲ್ಲ, ಆಕೆ ನಗಲೇಬೇಕಾಯಿತು. “ಭಾಳ... ಚಂದೈತ್ರಿ.”

“ಆ ಕಡೆ ಸಾಲಿಗೆ ನೆರಳು ಒಂದೀಟು ಕಡಿಮಿ ಬಿದ್ದೈತಿ,” ಎಂದರು ರಾಯರು. “ನಿನ್ನ ಪೈಠಣಿ ಸೀರಿ ಎಲ್ಲಿ ಇಟ್ಟೀ?”